ಸಾಲ ಕೈಗೆ ಬರುವ ಮೊದಲೇ ದುಡ್ಡು ಕೇಳುತ್ತಿದ್ದಾರೆ, ಕಟ್ಟಲೇ?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ನಾನೂ ನಮ್ಮ ಯಜಮಾನರೂ ಚಿಕ್ಕದೊಂದು ಫಿಲೇಚರ್ (ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕ) ನಡೆಸುತ್ತಿದ್ದೇವೆ. ಗೂಡು ಕೊಂಡ ತಕ್ಷಣ ದುಡ್ಡು ಕಟ್ಟಬೇಕು, ನೂಲಿನ ದುಡ್ಡು ಕೈಗೆ ಬರೋದು ನಿಧಾನ. ಬ್ಯಾಂಕಿನಲ್ಲಿ ಕೇಳಿದರೆ ಸಿಬಿಲ್ (ಹಳೆಯ ಸಾಲ ತೀರಿಸಿದ ದಾಖಲೆ) ಸರಿಯಿಲ್ಲ ಅಂದರು. ಫೇಸ್‌ಬುಕ್‌ನಲ್ಲಿ, ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಯೋಜನೆಯಾದ ಮುದ್ರಾ ಸಾಲದ ಜಾಹೀರಾತು ನೋಡಿ ನಂಬರ್ ಕೊಟ್ಟೆ. 2 ಲಕ್ಷ ಸಾಲ, ವರ್ಷಕ್ಕೆ ಶೇ 2 ಬಡ್ಡಿ, 36 ಕಂತು, ಕಂತಿಗೆ 5,889 ರೂಪಾಯಿ ಅಂತ ವಾಟ್ಸ್‌ಆ್ಯಪ್‌ಗೆ ಮಂಜೂರಾತಿ ಪತ್ರ ಬಂತು. ಫೈಲ್ ಚಾರ್ಜ್ ಅಂತ 2,150 ಕಟ್ಟಿದೆ. ಆಮೇಲೆ ಇನ್ಶೂರೆನ್ಸ್ ಅಂತ 6,480 ಕಟ್ಟಿಸಿಕೊಂಡರು. ಈಗ ಜಿಎಸ್‌ಟಿ 12,500 ಕಟ್ಟಿದರೆ ಅರ್ಧ ಗಂಟೆಯಲ್ಲಿ ಎಲ್ಲಾ ಸೇರಿಸಿ ಖಾತೆಗೆ ಹಾಕ್ತೀವಿ, ಕಟ್ಟದಿದ್ದರೆ ಕೇಸ್ ಆಗುತ್ತೆ ಅಂತಿದ್ದಾರೆ. ಆಧಾರ್, ಪ್ಯಾನ್, ಪಾಸ್‌ಬುಕ್, ಫೋಟೊ ಎಲ್ಲಾ ಅವರ ಹತ್ತಿರ ಇದೆ. ಕಟ್ಟಲೇ, ಬೇಡವೇ? ಕಟ್ಟಿರೋದು ವಾಪಸ್ ಬರುತ್ತಾ?

ಉತ್ತರ: ಕಟ್ಟಬೇಡಿ. 12,500 ಇರಲಿ, ಇನ್ನು ಹತ್ತು ರೂಪಾಯಿಯನ್ನೂ ಕಳಿಸಬೇಡಿ. ನೀವು ಬರೆದಿರುವುದು ಸಾಲದ ವ್ಯವಹಾರವಲ್ಲ, ಮುಂಗಡ ಶುಲ್ಕದ ಮೋಸ. ಈ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿದರೂ ನಡೆಯುತ್ತದೆ, ಮೊದಲು 1930ಕ್ಕೆ ಫೋನ್ ಮಾಡಿ.

ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ತಡಮಾಡಬೇಡಿ ಎನ್ನುವುದಕ್ಕೆ ಕಾರಣವಿದೆ. ನಿಮ್ಮ ದುಡ್ಡು ಸೇರಿದ ಖಾತೆ ಸಾಮಾನ್ಯವಾಗಿ ಮೋಸಗಾರನ ಹೆಸರಿನಲ್ಲಿ ಇರುವುದಿಲ್ಲ. ಕಮಿಷನ್ ಆಸೆಗೆ ಇನ್ಯಾರೋ ಬಾಡಿಗೆಗೆ ಕೊಟ್ಟ ಖಾತೆ ಅದು. ಅಲ್ಲಿಂದ ಎರಡನೆಯ ಖಾತೆಗೆ, ಮೂರನೆಯದಕ್ಕೆ ಸಾಗಿಸಿ ಕೊನೆಗೆ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. 1930ರಲ್ಲಿ ದೂರು ದಾಖಲಾದರೆ ಆ ಮಾಹಿತಿ ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗುತ್ತದೆ, ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ಅವರು ತಡೆಹಿಡಿಯುತ್ತಾರೆ. ತೆಗೆದುಬಿಟ್ಟ ದುಡ್ಡನ್ನು ಯಾರೂ ತಡೆಯಲಾರರು. ಹಾಗಾಗಿ ದುಡ್ಡು ಹೋದ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮಾರನೆಯ ದಿನಕ್ಕೆ ಇರುವುದಿಲ್ಲ. ಹಾಗೆಂದು ದಿನಗಳು ಕಳೆದಿವೆ ಎಂದು ಸುಮ್ಮನಾಗಬೇಡಿ. ಅದೇ ಖಾತೆಗೆ ಬೇರೆಯವರ ದುಡ್ಡೂ ಬರುತ್ತಿರುತ್ತದೆ, ಖಾತೆ ಸ್ಥಗಿತವಾದರೆ ಅಷ್ಟು ಜನರಾದರೂ ಉಳಿಯುತ್ತಾರೆ.

ಫೋನ್ ಮಾಡುವ ಮುನ್ನ ಇಷ್ಟು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನಿಮ್ಮ ಬ್ಯಾಂಕು ಮತ್ತು ಖಾತೆ ಸಂಖ್ಯೆ, ಎರಡೂ ಪಾವತಿಯ ದಿನಾಂಕ, ಸಮಯ, ಮೊತ್ತ, ಹಣ ಹೋದ ಯುಪಿಐ ಐಡಿ ಅಥವಾ ಖಾತೆ ಸಂಖ್ಯೆ, ಅವರು ಫೋನ್ ಮಾಡಿದ ಎಲ್ಲ ನಂಬರುಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಪಾವತಿಯ ಉಲ್ಲೇಖ ಸಂಖ್ಯೆ. ಫೋನ್‌ಪೇ, ಗೂಗಲ್ ಪೇಯಲ್ಲಿ ಹಳೆಯ ಪಾವತಿಯನ್ನು ತೆರೆದರೆ ಯುಟಿಆರ್ ಅಥವಾ ಯುಪಿಐ ಟ್ರಾನ್ಸಾಕ್ಷನ್ ಐಡಿ ಎಂದು 12 ಅಂಕಿಯ ಸಂಖ್ಯೆ ಸಿಗುತ್ತದೆ. ಅದಿಲ್ಲದೆ ದುಡ್ಡಿನ ಜಾಡು ಹಿಡಿಯುವುದು ಕಷ್ಟ. ದೂರು ಕೊಟ್ಟ ಮೇಲೆ ಸ್ವೀಕೃತಿ ಸಂಖ್ಯೆ ಬರುತ್ತದೆ, ಜೋಪಾನವಾಗಿಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಉಳಿದ ವಿವರ ಮತ್ತು ಸ್ಕ್ರೀನ್‌ಶಾಟ್ ಹಾಕಿ ದೂರನ್ನು ಪೂರ್ತಿ ಮಾಡಿ. 1930 ಸಿಗದಿದ್ದರೆ ನೇರವಾಗಿ ಇದೇ ಜಾಲತಾಣದಲ್ಲಿ ಶುರುಮಾಡಬಹುದು. ಆಮೇಲೆ ಅದರ ಪ್ರಿಂಟ್ ಹಿಡಿದು ಚಿಕ್ಕಬಳ್ಳಾಪುರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದು ಇರುವ ಠಾಣೆ ಅದು, ಕೋಲಾರ ಮತ್ತು ತುಮಕೂರಿನಲ್ಲೂ ಇದೆ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಅದಕ್ಕೆ ಅವಕಾಶ ಕೊಟ್ಟಿಲ್ಲ. ನಿಮ್ಮ ಬ್ಯಾಂಕ್ ಶಾಖೆಗೂ ಅದೇ ದಿನ ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಒಂದು ಎಚ್ಚರ. ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್ ಚಾಟ್ ಅಳಿಸಬೇಡಿ. ನಂಬರ್ ಕಾಣುವಂತೆ ಪೂರ್ತಿ ಚಾಟ್, ಪತ್ರ, ಕ್ಯೂಆರ್ ಕೋಡ್, ಜಾಹೀರಾತು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ ಬ್ಲಾಕ್ ಮಾಡಿ. ದೂರು ಕೊಡುತ್ತಿದ್ದೇನೆ ಎಂದು ಅವರಿಗೆ ಹೇಳಲೂ ಬೇಡಿ. ಹೇಳಿದರೆ ಖಾತೆ ಖಾಲಿ ಮಾಡಲು ಅವರಿಗೆ ಸಮಯ ಕೊಟ್ಟಂತಾಗುತ್ತದೆ.

8,630 ರೂಪಾಯಿ ವಾಪಸ್ ಬರುತ್ತದೆಯೇ? ತಡೆಹಿಡಿಯಲು ಸಿಕ್ಕಷ್ಟು ಬರಬಹುದು, ಅದಕ್ಕೂ ಪೊಲೀಸ್ ವರದಿ, ಕೆಲವು ಸಲ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಬ್ಯಾಂಕೇ ಭರಿಸುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಗ್ರಾಹಕರ ಹೊಣೆಯನ್ನು ಮಿತಿಗೊಳಿಸಿ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆ ಅನ್ವಯಿಸುವುದು ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದಾಗ. ಇಲ್ಲಿ ನೀವೇ ಪಿನ್ ಒತ್ತಿ ಕಳಿಸಿದ್ದೀರಿ.

ಇನ್ನು, ಇದು ಮೋಸವೇ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುವುದು? ನಿಮ್ಮ ಪತ್ರದ ಲೆಕ್ಕವೇ ಹೇಳುತ್ತದೆ.

ಬಡ್ಡಿಯಿಂದ ಶುರುಮಾಡೋಣ. ನಮ್ಮ ಕಡೆ ಕೈಸಾಲದ ಮಾತು ನಡೆಯುವುದು ತಿಂಗಳ ಲೆಕ್ಕದಲ್ಲಿ. ಎರಡು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಶೇ 24. ಹಾಗಾಗಿ ಜಾಹೀರಾತಿನಲ್ಲಿ ಶೇ 2 ಎಂದು ಕಂಡರೆ ಯಾರಿಗೂ ಅಸಹಜ ಅನಿಸುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿರುವುದು ವರ್ಷಕ್ಕೆ ಶೇ 2. ಬ್ಯಾಂಕುಗಳು ಜನರಿಂದ ಠೇವಣಿ ಪಡೆಯುವುದೇ ಅದರ ಮೂರು ಪಟ್ಟು ಬಡ್ಡಿಗೆ. ಆರಕ್ಕೆ ತಂದು ಎರಡಕ್ಕೆ ಮಾರುವ ಅಂಗಡಿ ಎಲ್ಲೂ ಇಲ್ಲ. ಸರ್ಕಾರದ ಬಡ್ಡಿ ರಿಯಾಯಿತಿ ಯೋಜನೆಗಳಿವೆ, ಸಹಕಾರ ಸಂಘದಲ್ಲಿ ರೈತರಿಗೆ ಶೂನ್ಯ ಬಡ್ಡಿಯ ಬೆಳೆ ಸಾಲವೂ ಇದೆ ನಿಜ. ಅಲ್ಲಿ ವ್ಯತ್ಯಾಸದ ಬಡ್ಡಿಯನ್ನು ಸರ್ಕಾರ ತುಂಬುತ್ತದೆ, ಅದು ಫೇಸ್‌ಬುಕ್ ಜಾಹೀರಾತಿನಲ್ಲಿ ಸಿಗುವಂಥದ್ದಲ್ಲ.

ಕಂತು ನೋಡಿ. 2 ಲಕ್ಷಕ್ಕೆ ವರ್ಷಕ್ಕೆ ಶೇ 2ರಂತೆ ಮೂರು ವರ್ಷದ ಬಡ್ಡಿ 12,000. ಎರಡನ್ನೂ ಕೂಡಿಸಿ 36ರಿಂದ ಭಾಗಿಸಿದರೆ 5,889. ಪತ್ರ ಬರೆದವನು ಮಾಡಿರುವುದು ಇಷ್ಟೇ. ಅಸಲು ಕರಗಿದಂತೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ಶೇ 2ಕ್ಕೆ ಕಂತು 5,729 ಆಗಬೇಕಿತ್ತು. ಶೇ 12 ಬಡ್ಡಿಯಾದರೆ 6,643. ಪೂರ್ತಿ ಅಸಲಿನ ಮೇಲೇ ಬಡ್ಡಿ ಹಾಕುವ ಸಾಲಗಳೂ ಇವೆ, ಆದರೆ ಅಂಥ ಕಡೆ ನಿಜವಾದ ವಾರ್ಷಿಕ ದರ ಎಷ್ಟಾಗುತ್ತದೆ ಎಂಬುದನ್ನು ಬೇರೆಯಾಗಿ ತೋರಿಸಲೇಬೇಕು. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಹಣಕಾಸು ಕಂಪನಿಗಳು ಪ್ರತಿಯೊಂದು ಚಿಲ್ಲರೆ ಸಾಲಕ್ಕೂ, ಸಣ್ಣ ಉದ್ದಿಮೆ ಸಾಲಕ್ಕೂ ಪ್ರಮುಖ ಅಂಶಗಳ ವಿವರಪತ್ರ ಕೊಡಬೇಕು. ಬಡ್ಡಿ, ಎಲ್ಲ ಶುಲ್ಕ, ಎರಡನ್ನೂ ಸೇರಿಸಿದ ವಾರ್ಷಿಕ ದರ, ಕಂತುಗಳ ಪಟ್ಟಿ, ದೂರು ಕೇಳುವ ಅಧಿಕಾರಿಯ ಫೋನ್ ನಂಬರ್ ಅದರಲ್ಲಿರುತ್ತವೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ನಿಯಮವೂ ಇದೆ. ಆ ವಿವರಪತ್ರದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ನಿಮಗೆ ಬಂದಿರುವುದು ಸಿಂಹ ಲಾಂಛನ, ಮೊಹರು, ಸಹಿ ಇರುವ ಒಂದು ಹಾಳೆ. ಸಾಲದ ಕಾಗದದಲ್ಲಿ ಮೊಹರು ಜಾಸ್ತಿಯಿದ್ದು ಅಂಕಿ ಕಡಿಮೆಯಿದ್ದರೆ ಅನುಮಾನ ಪಡಬೇಕು.

ಜಿಎಸ್‌ಟಿಯ ಲೆಕ್ಕವಂತೂ ಹಾಸ್ಯಾಸ್ಪದ. ಸಾಲದ ಅಸಲಿಗೆ ಜಿಎಸ್‌ಟಿ ಇಲ್ಲ, ಬಡ್ಡಿಗೂ ಇಲ್ಲ. ಶುಲ್ಕಕ್ಕೆ ಮಾತ್ರ, ಅದೂ ಶೇ 18. ಅವರು ಹೇಳಿದ ಫೈಲ್ ಚಾರ್ಜ್ 2,150ಕ್ಕೆ ಜಿಎಸ್‌ಟಿ 387 ರೂಪಾಯಿ. 12,500 ಜಿಎಸ್‌ಟಿ ಬರಬೇಕಾದರೆ ಶುಲ್ಕವೇ 69,000 ರೂಪಾಯಿ ದಾಟಬೇಕು. ಮುಂದೆ ಟಿಡಿಎಸ್ ಎಂದೂ ಕೇಳಬಹುದು. ಟಿಡಿಎಸ್ ಆದಾಯದ ಮೇಲಿನ ಕಡಿತ, ಸಾಲ ಆದಾಯವಲ್ಲ. ರಿಸರ್ವ್ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಎಂದರೂ ಅಷ್ಟೇ, ಯಾರ ಸಾಲಕ್ಕೂ ರಿಸರ್ವ್ ಬ್ಯಾಂಕ್ ಎನ್‌ಒಸಿ ಕೊಡುವುದಿಲ್ಲ, ಅದಕ್ಕೆ ದುಡ್ಡೂ ಕಟ್ಟಿಸಿಕೊಳ್ಳುವುದಿಲ್ಲ.

ಮುದ್ರಾ ಹೆಸರಿನ ಬಗ್ಗೆಯೂ ಹೇಳಬೇಕು. 2015ರ ಏಪ್ರಿಲ್ 8ರಂದು ಶುರುವಾದ ಈ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಇನ್ನೊಂದು ಹಂತವಿದೆ. ನೀವು ಕೇಳಿದ 2 ಲಕ್ಷ ಕಿಶೋರದಲ್ಲಿ ಬರುತ್ತದೆ. ಆದರೆ ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಕೊಡುವುದು ಬ್ಯಾಂಕು, ಗ್ರಾಮೀಣ ಬ್ಯಾಂಕು, ನೋಂದಾಯಿತ ಹಣಕಾಸು ಕಂಪನಿಗಳು. ಅರ್ಜಿ ನೋಡಿ, ಫಿಲೇಚರ್ ಎಲ್ಲಿದೆ ಎಂದು ಬಂದು ನೋಡಿ, ಆಮೇಲೆ ತೀರ್ಮಾನಿಸುತ್ತಾರೆ. ಮುದ್ರಾ ಸಾಲಕ್ಕೆ ಏಜೆಂಟರನ್ನು ನೇಮಿಸಿಲ್ಲ ಎಂದು ಆ ಸಂಸ್ಥೆಯೇ ಹೇಳಿಕೊಂಡು ಬಂದಿದೆ. ನೂಲು ತೆಗೆಯುವ ನಿಮ್ಮ ಬೇಸಿನ್ ಎಷ್ಟು, ತಿಂಗಳಿಗೆ ಎಷ್ಟು ಲಾಟು ಗೂಡು ಕೊಳ್ಳುತ್ತೀರಿ ಎಂದು ಒಮ್ಮೆಯೂ ಕೇಳದೆ 2 ಲಕ್ಷ ಮಂಜೂರು ಮಾಡಿದವರಿಗೆ, ಆ ದುಡ್ಡು ಹೇಗೆ ವಾಪಸ್ ಬರುತ್ತದೆ ಎಂಬ ಚಿಂತೆಯೇ ಇರಲಿಲ್ಲ ಎಂದಾಯಿತು. ಕೊಡುವವರಿಗಷ್ಟೇ ಆ ಚಿಂತೆ.

ನಿಜವಾದ ಸಾಲದಲ್ಲಿ ಶುಲ್ಕವೇ ಇಲ್ಲವೆಂದಲ್ಲ. ಅದು ಯಾವಾಗ, ಯಾವ ದಾರಿಯಲ್ಲಿ ಹೋಗುತ್ತದೆ ಎನ್ನುವುದು ಮುಖ್ಯ. 2 ಲಕ್ಷಕ್ಕೆ ಶೇ 2 ಸಂಸ್ಕರಣಾ ಶುಲ್ಕ ಎಂದಿಟ್ಟುಕೊಳ್ಳಿ. 4,000, ಅದರ ಮೇಲೆ ಜಿಎಸ್‌ಟಿ 720, ಒಟ್ಟು 4,720. ಇದನ್ನು ಮುರಿದುಕೊಂಡು ನಿಮ್ಮ ಖಾತೆಗೆ 1,95,280 ಹಾಕುತ್ತಾರೆ. ವಿಮೆ ಬೇಕೆಂದರೆ ಅದರ ಕಂತೂ ಹೀಗೆಯೇ ಕಡಿತವಾಗಬಹುದು, ಪಾಲಿಸಿ ನಿಮ್ಮ ಹೆಸರಿಗೆ ಬರುತ್ತದೆ. ಇಲ್ಲಿ ನಿಮ್ಮ ಹೋಲಿಕೆಗೆ ಒಂದು ಪ್ರಶ್ನೆ ಸಾಕು. ಅವರು ನಿಮಗೆ 2 ಲಕ್ಷ ಕೊಡುವವರಾದರೆ 12,500ನ್ನು ಅದರಲ್ಲೇ ಹಿಡಿದುಕೊಂಡು 1,87,500 ಕಳಿಸಬಹುದಲ್ಲ? ಇದನ್ನು ಅವರಿಗೇ ಕೇಳಿದರೆ ಸಿಸ್ಟಂ ಒಪ್ಪಲ್ಲ, ರೂಲ್ಸ್ ಇಲ್ಲ, ಮೊದಲು ಕಟ್ಟಿದರೆ ರೀಫಂಡ್ ಆಗುತ್ತೆ ಎನ್ನುತ್ತಾರೆ. ನಿಜ ಸಂಗತಿ ಎಂದರೆ ಕಡಿತ ಮಾಡಿಕೊಳ್ಳಲು ಅಲ್ಲಿ 2 ಲಕ್ಷವೇ ಇಲ್ಲ.

ಮುಂಚೆ ಕಟ್ಟುವುದೆಲ್ಲ ಮೋಸ ಎಂದು ಹೇಳಿಬಿಟ್ಟರೆ ಅದೂ ತಪ್ಪಾಗುತ್ತದೆ. ಗೃಹಸಾಲಕ್ಕೆ ಕೆಲವು ಸಂಸ್ಥೆಗಳು ಅರ್ಜಿಯ ಜೊತೆ ಲಾಗಿನ್ ಫೀ ಕೇಳುತ್ತವೆ. ಜಾಗದ ಮೇಲಿನ ಸಾಲಕ್ಕೆ ವಕೀಲರ ಅಭಿಪ್ರಾಯ, ಮೌಲ್ಯಮಾಪನದ ಖರ್ಚು ಮೊದಲೇ ಬರುತ್ತದೆ. ಜಾಗದ ಮೇಲಿನ ಋಣಭಾರ ತೋರಿಸುವ ಇಸಿ ತೆಗೆಸಲು ಸರ್ಕಾರಿ ಶುಲ್ಕವಿದೆ. ನಮ್ಮ ಜಿಲ್ಲೆಗಳಲ್ಲಿ ಬಹಳ ಜನರಿಗೆ ಗೊತ್ತಿರುವಂತೆ, ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಸಾಲ ಬೇಕಾದರೆ ಮೊದಲು ಷೇರು ಹಣ ಕಟ್ಟಿ ಸದಸ್ಯರಾಗಬೇಕು. ಇವೆಲ್ಲವೂ ಹೋಗುವುದು ಸಂಸ್ಥೆಯ ಹೆಸರಿನ ಖಾತೆಗೆ ಅಥವಾ ಕೌಂಟರಿಗೆ, ರಸೀದಿ ಕೈಗೆ ಬರುತ್ತದೆ, ಕೊಟ್ಟರೆ ಸಾಲ ಗ್ಯಾರಂಟಿ ಎಂದು ಯಾರೂ ಹೇಳುವುದಿಲ್ಲ. ನೀವು ಕಳಿಸಿದ್ದು ಯಾರ ಹೆಸರಿಗೆ ಎಂದು ಈಗಲೇ ನೋಡಿ. ಯುಪಿಐಯಲ್ಲಿ ಪಿನ್ ಒತ್ತುವ ಮೊದಲು ಖಾತೆದಾರರ ಹೆಸರು ಪರದೆಯ ಮೇಲೆ ಕಾಣುತ್ತದೆ. ಅಲ್ಲಿ ಕಂಪನಿಯ ಹೆಸರಿನ ಬದಲು ಯಾವುದೋ ಊರಿನ ಯಾರೋ ಒಬ್ಬರ ಹೆಸರಿದ್ದರೆ, ಅವರು ನಮ್ಮ ಕ್ಯಾಷಿಯರ್, ನಮ್ಮ ಮ್ಯಾನೇಜರ್ ಎಂಬ ಸಮಜಾಯಿಷಿ ಕೇಳುವ ಅಗತ್ಯವೇ ಇಲ್ಲ.

ಕೇಳುವ ಮೊತ್ತ ಏರುವ ಕ್ರಮವನ್ನೂ ಗಮನಿಸಿ: 2,150, 6,480, 12,500. ಮೊದಲನೆಯದು ಯೋಚನೆ ಮಾಡದೆ ಕೊಡುವಷ್ಟು ಚಿಕ್ಕದು. ಅದನ್ನು ಕಟ್ಟಿದವರು ದುಡ್ಡಿನ ತುರ್ತಿನಲ್ಲಿದ್ದಾರೆ, ನಂಬಿದ್ದಾರೆ ಎಂಬುದು ಅವರಿಗೆ ಖಾತ್ರಿಯಾಗುತ್ತದೆ. ಅಲ್ಲಿಂದ ಮುಂದೆ ನಿಮ್ಮನ್ನು ಎಳೆಯುವುದು ಸಾಲದ ಆಸೆಗಿಂತ ಹೆಚ್ಚಾಗಿ ಈಗಾಗಲೇ ಕೊಟ್ಟ ದುಡ್ಡಿನ ಸಂಕಟ. 8,630 ಬಿಡಬೇಕಲ್ಲ ಎಂಬ ಸಂಕಟಕ್ಕೆ 12,500, ಆಮೇಲೆ 21,130 ಬಿಡಬೇಕಲ್ಲ ಎಂಬ ಸಂಕಟಕ್ಕೆ ಇನ್ನೊಂದು. ಇದಕ್ಕೆ ಕೊನೆಯ ಮೆಟ್ಟಿಲು ಇಲ್ಲ, ನೀವು ನಿಲ್ಲಿಸಿದಲ್ಲೇ ಕೊನೆ. ಇದರ ನಂತರ ಬರುವ ನೆಪಗಳೂ ಗೊತ್ತಿರುವಂಥವೇ: ನಿಮ್ಮ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಹಣ ಹೋಲ್ಡ್ ಆಗಿದೆ, ತಿದ್ದುಪಡಿಗೆ ಇಷ್ಟು; ಮೊದಲೆರಡು ಕಂತು ಅಡ್ವಾನ್ಸ್ ಕಟ್ಟಬೇಕು; ಸಿಬಿಲ್ ಕಡಿಮೆ ಇರುವುದರಿಂದ ಸೆಕ್ಯುರಿಟಿ ಡೆಪಾಸಿಟ್. ಖಾತೆಗೆ 2,00,000 ಜಮಾ ಆಗಿದೆ ಎಂಬ ಎಸ್ಸೆಮ್ಮೆಸ್ಸೂ ಬರಬಹುದು. ಬ್ಯಾಂಕಿನ ಎಸ್ಸೆಮ್ಮೆಸ್ 10 ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅನುಮಾನವಿದ್ದರೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ, ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಬೇಡಿ. ಸಾಲದ ಹಣ ಪಡೆಯಲು ಯುಪಿಐ ಪಿನ್ ಒತ್ತಿ ಎಂದರೂ ಒತ್ತಬೇಡಿ. ಹಣ ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕಷ್ಟೇ ಬೇಕು.

ಕೇಸ್ ಹಾಕುತ್ತೇವೆ ಎಂಬ ಬೆದರಿಕೆಗೆ ಹೆದರಬೇಡಿ. ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ ಎಂದ ಮೇಲೆ ತೀರಿಸಬೇಕಾದ ಸಾಲವೇ ಇಲ್ಲ. ಫೈಲ್ ರದ್ದು ಮಾಡಲು ಶುಲ್ಕ ಎಂಬುದೂ ಇಲ್ಲ. ನಿಜವಾದ ಸಾಲ ತೀರಿಸದಿದ್ದರೂ ಅದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ, ಪೊಲೀಸರು ಮನೆಗೆ ಬಂದು ಎಳೆದೊಯ್ಯುವ ವಿಷಯವಲ್ಲ. ಇಲ್ಲಿ ಅಪರಾಧ ಮಾಡಿರುವವರು ಅವರು. ಭಾರತೀಯ ನ್ಯಾಯ ಸಂಹಿತೆಯ ಕಲಂ 318 ವಂಚನೆಗೆ, 319 ಬೇರೆಯವರ ಸೋಗಿನಲ್ಲಿ ಮಾಡಿದ ವಂಚನೆಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಫೋನು, ಕಂಪ್ಯೂಟರ್ ಬಳಸಿ ಅದನ್ನೇ ಮಾಡಿದ್ದಕ್ಕೆ.

ಈಗ ಅವರ ಕೈಯಲ್ಲಿರುವ ದಾಖಲೆಗಳು. ಇದು ಹಲವರು ಮರೆಯುವ ಭಾಗ, ದುಡ್ಡಿಗಿಂತ ದೂರದವರೆಗೆ ಕಾಡಬಹುದಾದದ್ದು. ಅವರು ನಂಬಿಕೆ ಹುಟ್ಟಿಸಲು ತಮ್ಮದೆಂದು ಒಂದು ಆಧಾರ್ ಕಾರ್ಡ್, ಐಡಿ ಕಾರ್ಡ್ ನಿಮಗೂ ಕಳಿಸಿರಬಹುದು. ಆ ಆಧಾರ್ ನಿಮ್ಮಂತೆಯೇ ಮೋಸಹೋದ ಇನ್ಯಾರದೋ ಆಗಿರುವ ಸಾಧ್ಯತೆ ಹೆಚ್ಚು, ನಾಳೆ ನಿಮ್ಮದೂ ಹಾಗೆ ಇನ್ನೊಬ್ಬರಿಗೆ ಹೋಗಬಹುದು. ದೂರಿನಲ್ಲಿ ಯಾವ ಯಾವ ದಾಖಲೆ ಕೊಟ್ಟಿದ್ದೀರಿ ಎಂದು ಒಂದೊಂದನ್ನೂ ಬರೆಯಿರಿ ಎನ್ನುವುದು ಇದೇ ಕಾರಣಕ್ಕೆ. ಮುಂದೆ ನಿಮ್ಮ ಹೆಸರಿನಲ್ಲಿ ಏನಾದರೂ ನಡೆದರೆ ಆ ದಿನಾಂಕದ ದೂರೇ ನಿಮ್ಮ ರಕ್ಷಣೆ. ಆಧಾರ್‌ನ ಬಯೊಮೆಟ್ರಿಕ್ಕನ್ನು ಯುಐಡಿಎಐ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಲಾಕ್ ಮಾಡಿ, ತೊಂದರೆಯಾದರೆ 1947ಕ್ಕೆ ಫೋನ್ ಮಾಡಿ. ಪಡಿತರ ಅಂಗಡಿಯಲ್ಲಿ ಬೆರಳೊತ್ತುವ ದಿನ ತೆರೆದು ಮತ್ತೆ ಲಾಕ್ ಮಾಡಬೇಕಾಗುತ್ತದೆ, ಸ್ವಲ್ಪ ಕಿರಿಕಿರಿ, ಆದರೂ ಕೆಲವು ತಿಂಗಳ ಮಟ್ಟಿಗೆ ಮಾಡಿ. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು. ಸಹಿ ಮಾಡಿದ ಚೆಕ್ಕಿನ ಹಾಳೆ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಪಾವತಿ ತಡೆಯಿರಿ. ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಎಪಿಕೆ ಫೈಲನ್ನೋ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ ಫೈಲು), ನಿಮ್ಮ ಪರದೆ ಅವರಿಗೆ ಕಾಣುವಂತೆ ಮಾಡುವ ಆ್ಯಪನ್ನೋ ಹಾಕಿಕೊಂಡಿದ್ದರೆ ಪರಿಸ್ಥಿತಿ ಬೇರೆ: ಮೊದಲು ಫೋನಿನ ಇಂಟರ್ನೆಟ್ ಆಫ್ ಮಾಡಿ, ಆ ಆ್ಯಪ್ ತೆಗೆದುಹಾಕಿ, ಬ್ಯಾಂಕಿನ ಪಾಸ್‌ವರ್ಡ್ ಮತ್ತು ಪಿನ್‌ಗಳನ್ನು ಇನ್ನೊಂದು ಫೋನಿನಿಂದ ಬದಲಿಸಿ.

ಒಂದೆರಡು ತಿಂಗಳ ನಂತರ ನಿಮ್ಮ ಕ್ರೆಡಿಟ್ ವರದಿ ತೆಗೆದು ನೋಡಿ, ನೀವು ತೆಗೆದುಕೊಳ್ಳದ ಸಾಲ ಅದರಲ್ಲಿ ಕುಳಿತಿದೆಯೇ ಎಂದು. ಸಿಬಿಲ್ ಎಂದು ನಾವು ಕರೆಯುವುದು ಈ ವರದಿ ಕೊಡುವ ನಾಲ್ಕು ಸಂಸ್ಥೆಗಳಲ್ಲಿ ಒಂದು. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಉಳಿದವು. ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಈ ಕೆಲಸ ಹೇಗೂ ನಿಮಗೆ ಬೇಕೇ ಬೇಕು, ಏಕೆಂದರೆ ಬ್ಯಾಂಕು ಸಿಬಿಲ್ ಸರಿಯಿಲ್ಲ ಎಂದದ್ದು ಯಾವ ಕಾರಣಕ್ಕೆ ಎಂಬುದೂ ಅದರಲ್ಲೇ ಸಿಗುತ್ತದೆ. ಮೈಕ್ರೋಫೈನಾನ್ಸ್ ಸಾಲದ ಕಂತು ತಪ್ಪಿದ್ದು, ತೀರಿಸಿದ ಸಾಲ ಇನ್ನೂ ಬಾಕಿ ಎಂದೇ ಉಳಿದಿರುವುದು, ಹಳೆಯ ಬೈಕ್ ಸಾಲದ ಕೊನೆಯ ಕಂತು, ಇಂಥ ಚಿಕ್ಕ ಸಂಗತಿಗಳೇ ಅಡ್ಡ ನಿಂತಿರುತ್ತವೆ. ತಪ್ಪು ದಾಖಲೆಯಿದ್ದರೆ ಆನ್‌ಲೈನ್‌ನಲ್ಲಿ ತಕರಾರು ಹಾಕಿ. 30 ದಿನದಲ್ಲಿ ಸರಿಪಡಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಬಾಕಿ ನಿಜವಾಗಿದ್ದರೆ ತೀರಿಸಿ ಕಾಯುವುದೊಂದೇ ದಾರಿ. ದುಡ್ಡು ಕೊಟ್ಟರೆ ಸಿಬಿಲ್ ಏರಿಸಿಕೊಡುತ್ತೇನೆ ಎನ್ನುವವರದ್ದು ಇದೇ ಮೋಸದ ಇನ್ನೊಂದು ಕವಲು.

ಇನ್ನು ಮುಂದೆ ಯಾರಾದರೂ ಸಾಲ ಕೊಡುತ್ತೇವೆ ಎಂದು ಬಂದರೆ ಪರಿಶೀಲಿಸುವುದು ಹೇಗೆ? ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಂದಾಯಿತ ಹಣಕಾಸು ಕಂಪನಿಗಳ ಪಟ್ಟಿ ಇದೆ. ಕಂಪನಿಗಳು ಸಲ್ಲಿಸಿದ ವಿವರದಂತೆ ಅವುಗಳ ಸಾಲದ ಆ್ಯಪ್‌ಗಳ ಪಟ್ಟಿಯನ್ನೂ 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿದೆ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಆದರೆ ಹೆಸರು ಇದ್ದರೆ ಸಾಕು ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುವುದು. ಮೋಸಗಾರರು ಹೊಸ ಹೆಸರು ಹುಟ್ಟಿಸುವುದು ಕಡಿಮೆ, ದೊಡ್ಡ ಕಂಪನಿಯ ಹೆಸರು, ಲೋಗೊ, ನೋಂದಣಿ ಸಂಖ್ಯೆ ಎಲ್ಲವನ್ನೂ ಹಾಗೇ ಎತ್ತಿಕೊಳ್ಳುತ್ತಾರೆ. ಆ ಕಂಪನಿ ನಿಜ, ನಿಮ್ಮ ಜೊತೆ ಮಾತಾಡುತ್ತಿರುವವನು ಸುಳ್ಳು. ಹಾಗಾಗಿ ಅವರು ಕೊಟ್ಟ ನಂಬರಿಗೆ ಅಲ್ಲ, ಕಂಪನಿಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಪತ್ರದಲ್ಲಿರುವ ಅರ್ಜಿ ಸಂಖ್ಯೆ ಹೇಳಿ ಕೇಳಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಎಂದು ಹುಡುಕಿದರೆ ಮೇಲೆ ಬರುವ ನಂಬರೂ ನಕಲಿ ಇರಬಹುದು. ಬ್ಯಾಂಕುಗಳ ಜಾಲತಾಣ ಈಗ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುತ್ತದೆ, ಅದನ್ನು ನೋಡಿಕೊಳ್ಳಿ. ಇದಕ್ಕಿಂತ ಸುಲಭದ್ದು, ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಇರುವ ಅದೇ ಕಂಪನಿಯ ಶಾಖೆಗೆ ಪತ್ರ ಹಿಡಿದು ಹೋಗುವುದು. ಶಾಖೆಗೆ ಬಂದರೆ ಆಫರ್ ಇಲ್ಲ, ಆನ್‌ಲೈನ್ ಮಾತ್ರ ಎಂದು ಅವರು ಅಡ್ಡಗಾಲು ಹಾಕಿದರೆ ಉತ್ತರ ಸಿಕ್ಕಂತೆಯೇ. ಆ್ಯಪ್ ಆಗಿದ್ದರೆ ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕಾಲ್ ವಿವರಕ್ಕೆ ಅನುಮತಿ ಕೇಳುತ್ತದೆಯೇ ನೋಡಿ. ಸಾಲದ ಆ್ಯಪ್‌ಗಳು ಅವನ್ನು ಮುಟ್ಟುವಂತಿಲ್ಲ.

ಫೋನಿನಲ್ಲಿ ಮಾತ್ರ ನಡೆಯುವ ಮೋಸ ಇದಲ್ಲ. ಊರಿಗೇ ಬಂದು, ಟ್ರಸ್ಟ್ ಎಂದೋ ಮಹಿಳಾ ಸಹಕಾರಿ ಎಂದೋ ಬೋರ್ಡು ಹಾಕಿ, ಹತ್ತು ಜನರ ಗುಂಪು ಮಾಡಿ, ತಲೆಗೆ ಒಂದೆರಡು ಸಾವಿರ ಕಟ್ಟಿದರೆ 50,000 ಸಾಲ, ಅರ್ಧ ಸಬ್ಸಿಡಿ ಎಂದು ಕಟ್ಟಿಸಿಕೊಂಡು ಬೀಗ ಹಾಕುವ ರೀತಿಯೂ ಇದೆ. ಇಲ್ಲಿ ಮುಂದೆ ನಿಲ್ಲಿಸುವುದು ಊರಿನವರನ್ನೇ, ಆಮೇಲೆ ಜನ ಹಿಡಿಯುವುದೂ ಅವರನ್ನೇ. ಸಹಕಾರ ಸಂಘ ಎಂದರೆ ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಯಲ್ಲಿ ನೋಂದಣಿ ವಿಚಾರಿಸಿ. ನೋಂದಣಿ ಇಲ್ಲದೆ ಹಣ ಎತ್ತುವವರ ಮೇಲೆ ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ದೂರು ಕೊಡಬಹುದು.

ದೂರು ಕೊಟ್ಟ ಮೇಲೆ ಇನ್ನೊಂದು ಕರೆ ಬರಬಹುದು: ಸೈಬರ್ ಪೊಲೀಸ್, ವಕೀಲರು ಅಥವಾ ರಿಸರ್ವ್ ಬ್ಯಾಂಕಿನವರು, ನಿಮ್ಮ 8,630 ಸಿಕ್ಕಿದೆ, ಬಿಡುಗಡೆಗೆ 1,500 ಕಟ್ಟಿ ಎಂದು. ನಿಮ್ಮ ನಂಬರ್ ಮೋಸಹೋದವರ ಪಟ್ಟಿಯಲ್ಲಿ ಕೈ ಬದಲಾಗಿದೆ ಎಂದರ್ಥ. ಫೋನ್ ಇಟ್ಟುಬಿಡಿ.

ಗೂಡಿಗೆ ಬಂಡವಾಳ ಬೇಕೆಂಬ ನಿಮ್ಮ ಅಗತ್ಯ ಹಾಗೇ ಉಳಿದಿದೆಯಲ್ಲ, ಅದರ ಬಗ್ಗೆ. ಸಾಲ ಕೊಡುವುದಿಲ್ಲ ಎಂದ ಬ್ಯಾಂಕಿಗೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಅದಕ್ಕಾಗಿ ನೀವು ಲಿಖಿತ ಅರ್ಜಿ ಕೊಟ್ಟಿರಬೇಕು, ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಇಲ್ಲ ಎನ್ನುತ್ತಾರೆ. ಮುದ್ರಾ ಅರ್ಜಿಯನ್ನು ಶಾಖೆಯಲ್ಲಿ ಅಥವಾ ಸರ್ಕಾರದ ಜನ್ ಸಮರ್ಥ್ ಜಾಲತಾಣದಲ್ಲಿ ಹಾಕಬಹುದು, ಅಡಮಾನ ಬೇಡ. ಜೊತೆಗೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ನೂಲು ತೆಗೆಯುವ ರೀಲಿಂಗ್ ಲೈಸೆನ್ಸ್, ಆರು ತಿಂಗಳ ಬ್ಯಾಂಕ್ ವಿವರ, ಮಾರುಕಟ್ಟೆಯಲ್ಲಿ ಗೂಡು ಕೊಂಡ ಬಿಲ್ಲುಗಳು, ನೂಲು ಮಾರಿದ ಬಿಲ್ಲುಗಳು ಇರಲಿ. ಈ ಬಿಲ್ಲುಗಳನ್ನು ತಿಂಗಳವಾರು ಜೋಡಿಸಿ ಕೊಟ್ಟರೆ ನಿಮ್ಮ ಕೈಯಲ್ಲಿ ದುಡ್ಡು ಎಷ್ಟು ದಿನ ಸಿಕ್ಕಿಕೊಳ್ಳುತ್ತದೆ ಎಂಬುದು ಮ್ಯಾನೇಜರಿಗೆ ಕಾಣುತ್ತದೆ, ಕಂತಿನ ಅವಧಿ ಸಾಲಕ್ಕಿಂತ, ಬೇಕಾದಾಗ ತೆಗೆದು ಮತ್ತೆ ಕಟ್ಟುವ ಓವರ್‌ಡ್ರಾಫ್ಟ್ ಮಾದರಿಯೇ ನಿಮಗೆ ಹೊಂದುತ್ತದೆ ಎಂದು ಅವರಿಗೂ ಅನಿಸಬಹುದು, ಏಕೆಂದರೆ ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಅರ್ಜಿ ಸುಮ್ಮನೆ ಕೂತರೆ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಬರೆಯಿರಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದನ್ನು ಮಾಡಿಸಿಕೊಡಲು 1,500, 2,000 ಕೇಳುವ ಜಾಲತಾಣಗಳು ಸರ್ಕಾರದವಲ್ಲ. ವಿಳಾಸ ಗವ್ ಡಾಟ್ ಇನ್ ಎಂದು ಮುಗಿದರೆ ಮಾತ್ರ ಆಧಾರ್ ಸಂಖ್ಯೆ ಹಾಕಿ.